ಖಾತೆ ಆದರೆ ಆಸ್ತಿ ನಿಮ್ಮದಾಯಿತೇ? ದಾನಪತ್ರದ ಹಕ್ಕು ಯಾವತ್ತಿನಿಂದ?

‘ಮನೆಯನ್ನು ಮಗಳ ಹೆಸರಿಗೆ ಮಾಡಿಕೊಟ್ಟಾಯ್ತು’ ಎನ್ನುವವರನ್ನು ‘ಯಾವ ಪತ್ರ ಮಾಡಿಸಿದಿರಿ?’ ಎಂದು ಕೇಳಿ. ಅನೇಕರು ತೋರಿಸುವುದು ಖಾತೆಯನ್ನು, ಇಲ್ಲವೇ ಕಂದಾಯ ಕಟ್ಟಿದ ರಸೀದಿಯನ್ನು. ಖಾತೆ, ಪಹಣಿ ಕಂದಾಯದ ದಾಖಲೆಗಳು. ಅವುಗಳಿಂದಲೇ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಹಕ್ಕು ಕೈಬದಲಾಗುವುದು ಪತ್ರದಿಂದ.

1. ಆಸ್ತಿ ಯಾರದು ನೋಡಿ

ಸ್ವಯಾರ್ಜಿತ ಆಸ್ತಿಯನ್ನು ಮಾಲೀಕರು ಇಷ್ಟಬಂದವರಿಗೆ ಕೊಡಬಹುದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿ ಹಾಗಲ್ಲ. 2005ರ ತಿದ್ದುಪಡಿಯ ನಂತರ ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ಇಡೀ ಆಸ್ತಿಯನ್ನು ತಂದೆಯೊಬ್ಬರೇ ಒಬ್ಬ ಮಗನಿಗೆ ದಾನ ಮಾಡಲಾಗದು, ಮೊದಲು ವಿಭಾಗವಾಗಬೇಕು. ಆಸ್ತಿಯ ಮೇಲೆ ಸಾಲ ಇದೆಯೇ ಎಂದು ತಿಳಿಯಲು ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ.

2. ಸರಿಯಾದ ಪತ್ರ ಆರಿಸಿ

• ದಾನಪತ್ರ: ಮಾಲೀಕರು ಹಣ ಪಡೆಯದೆ, ಬದುಕಿರುವಾಗಲೇ ಕೊಡುವುದಕ್ಕೆ.
• ಹಕ್ಕು ಬಿಡುಗಡೆ ಪತ್ರ: ಜಂಟಿ ಹಕ್ಕುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಉಳಿದವರಿಗೆ ಬಿಟ್ಟುಕೊಡುವುದಕ್ಕೆ. ಹಕ್ಕೇ ಇಲ್ಲದವರ ಹೆಸರಿಗೆ ಇದನ್ನು ಮಾಡಿಸಬೇಡಿ.
• ವಿಭಾಗ ಪತ್ರ: ಎಲ್ಲ ಪಾಲುದಾರರೂ ಸೇರಿ ಆಸ್ತಿ ಹಂಚಿಕೊಳ್ಳುವುದಕ್ಕೆ.
• ಉಯಿಲು: ಬರೆದವರು ತೀರಿಕೊಂಡ ಮೇಲೆಯೇ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಎಷ್ಟು ಬಾರಿಯಾದರೂ ಬದಲಾಯಿಸಬಹುದು. ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ಅಧಿಕಾರ ಪತ್ರ (ಜಿಪಿಎ) ಈ ಪಟ್ಟಿಯಲ್ಲಿಲ್ಲ. ಅದು ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅನುಮತಿ ಅಷ್ಟೇ. ಸಾಮಾನ್ಯವಾಗಿ ಕೊಟ್ಟವರು ತೀರಿಕೊಂಡರೆ ಅದೂ ಮುಗಿದಂತೆ.

3. ಪತ್ರದಲ್ಲಿ ಇವು ಇರಲಿ

ಸರ್ವೆ ನಂಬರು ಅಥವಾ ಸೊತ್ತಿನ ಸಂಖ್ಯೆ, ಅಳತೆ, ಚಕ್ಕುಬಂದಿ ದಾಖಲೆಗಳ ಜೊತೆ ತಾಳೆಯಾಗಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ ಆ ಭಾಗವನ್ನು ಅಳತೆ ಮಾಡಿ ತೋರಿಸುವ 11ಇ ನಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಿ.

‘ದಾನವನ್ನು ಸ್ವೀಕರಿಸಿದ್ದೇನೆ’ ಎಂಬ ಸಾಲು ಮತ್ತು ಪಡೆಯುವವರ ಸಹಿ ಮರೆಯಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಮಿನಂತೆ, ಕೊಡುವವರು ಬದುಕಿರುವಾಗಲೇ ಸ್ವೀಕಾರ ಆಗಬೇಕು. ಸ್ವೀಕರಿಸುವ ಮುನ್ನವೇ ಪಡೆಯುವವರು ತೀರಿಕೊಂಡರೆ ದಾನ ಅಸಿಂಧು. ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರು ಸ್ವೀಕರಿಸಬಹುದು.

ಹಿರಿಯರು ಕೊಡುವುದಾದರೆ ‘ಕೊನೆಯವರೆಗೂ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸುವುದು ಒಳ್ಳೆಯದು. ಮಕ್ಕಳು ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ವರ್ಗಾವಣೆ ರದ್ದು ಕೋರಿ ನ್ಯಾಯಮಂಡಳಿಗೆ ಹೋಗಲು ಈ ಸಾಲೇ ಆಧಾರವಾಗುತ್ತದೆ. ಮನೆ ಬರೆದುಕೊಟ್ಟ ತಾಯಿ ತಮ್ಮ ಜೀವಿತಾವಧಿಯವರೆಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕು ಉಳಿಸಿಕೊಳ್ಳಬಹುದು; ಸ್ವಾಧೀನ ಬಿಟ್ಟುಕೊಟ್ಟಿಲ್ಲ ಎಂಬ ಕಾರಣಕ್ಕೆ ದಾನ ಬಿದ್ದುಹೋಗದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

4. ಸಹಿ, ಸಾಕ್ಷಿ, ನೋಂದಣಿ

ಸ್ಥಿರಾಸ್ತಿಯ ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಮತ್ತು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಎರಡೂ ಕಡ್ಡಾಯ. ಮುಸ್ಲಿಂ ಕಾನೂನಿನ ‘ಹಿಬಾ’ಗೆ ಬೇರೆ ನಿಯಮ: ಘೋಷಣೆ, ಸ್ವೀಕಾರ, ಸ್ವಾಧೀನ ಕೊಡುವುದು ಮೂರೂ ಆಗಬೇಕು.

ಹತ್ತಿರದ ಕುಟುಂಬದವರ ನಡುವಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಆದರೆ ಎಲ್ಲ ನೆಂಟರೂ ಆ ಪಟ್ಟಿಗೆ ಸೇರುವುದಿಲ್ಲ. ಇವತ್ತಿನ ದರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಸಹಿಯಾದ 4 ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣವಿದ್ದರೆ ದಂಡ ಕಟ್ಟಿ ಇನ್ನೂ 4 ತಿಂಗಳವರೆಗೆ ಅವಕಾಶ ಕೇಳಬಹುದು.

5. ಹಕ್ಕು ಯಾವ ತಾರೀಖಿನಿಂದ?

ಅಪ್ಪ ಮಾರ್ಚ್ 10ರಂದು ದಾನಪತ್ರಕ್ಕೆ ಸಹಿ ಹಾಕಿದರು, ಮಗಳು ಅಂದೇ ಸ್ವೀಕರಿಸಿದಳು. ನೋಂದಣಿಯಾದದ್ದು ಜೂನ್ 2ಕ್ಕೆ, ಖಾತೆ ಬದಲಾದದ್ದು ಆಗಸ್ಟ್‌ನಲ್ಲಿ ಎಂದಿಟ್ಟುಕೊಳ್ಳಿ. ಪತ್ರದಲ್ಲಿ ಬೇರೆ ದಿನಾಂಕ ಹೇಳಿಲ್ಲದಿದ್ದರೆ ಮಗಳ ಹಕ್ಕು ಮಾರ್ಚ್ 10ರಿಂದಲೇ. 1908ರ ನೋಂದಣಿ ಕಾಯ್ದೆಯ 47ನೇ ಕಲಮು ಹೇಳುವುದು ಇದನ್ನೇ: ನೋಂದಣಿ ತಡವಾದರೂ ಪತ್ರದ ಬಲ ಸಹಿಯಾದ ದಿನಕ್ಕೆ ಹೋಗುತ್ತದೆ. ನೋಂದಣಿಯೇ ಆಗದಿದ್ದರೆ ಮಾತ್ರ ಆ ಪತ್ರದಿಂದ ಹಕ್ಕು ಬರುವುದಿಲ್ಲ. ಸಹಿ ಮತ್ತು ಸ್ವೀಕಾರದ ಬಳಿಕ, ನೋಂದಣಿಗೆ ಮೊದಲೇ ಅಪ್ಪ ತೀರಿಕೊಂಡರೂ ಪತ್ರವನ್ನು ಅವಧಿಯೊಳಗೆ ನೋಂದಣಿಗೆ ಹಾಜರುಪಡಿಸಬಹುದು. ಆದರೆ ಆಗ ವಾರಸುದಾರರು ತಕರಾರು ತೆಗೆಯುವ ಸಂಭವ ಹೆಚ್ಚು. ಆದ್ದರಿಂದ ಸಹಿ, ನೋಂದಣಿ ಒಂದೇ ದಿನ ಮುಗಿಸುವುದು ಜಾಣತನ.

6. ಕೊನೆಗೆ ಖಾತೆ

ನೋಂದಣಿಯಾದ ಮೇಲೆ ಜಮೀನಾದರೆ ಪಹಣಿಯಲ್ಲಿ, ಮನೆ–ನಿವೇಶನವಾದರೆ ಪಂಚಾಯಿತಿ ಅಥವಾ ನಗರಾಡಳಿತದ ಖಾತೆಯಲ್ಲಿ ಹೆಸರು ಬದಲಾಗಿದೆಯೇ ನೋಡಿ. ಸ್ವಲ್ಪ ದಿನ ಬಿಟ್ಟು ಹೊಸ ಇ.ಸಿ. ತೆಗೆಸಿ, ನಿಮ್ಮ ಪತ್ರ ಅದರಲ್ಲಿ ನಮೂದಾಗಿದೆಯೇ ಪರಿಶೀಲಿಸಿ. ಖಾತೆ ತಡವಾಯಿತೆಂದು ಹಕ್ಕು ಹೋಗದು. ಆದರೆ ಸಾಲಕ್ಕೋ ಮಾರಾಟಕ್ಕೋ ಹೊರಟಾಗ ಬ್ಯಾಂಕಿನವರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಪತ್ರಕ್ಕೆ ಸಹಿ ಹಾಕುವ ಮುನ್ನ ಕರಡನ್ನು ಒಮ್ಮೆ ವಕೀಲರಿಗೆ ತೋರಿಸಿ. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಒಬ್ಬರೇ ಹಿಂಪಡೆಯಲಾಗುವುದಿಲ್ಲ.