ಭಾರ ಎತ್ತುವ ಬೆನ್ನು

ಅಕ್ಕಿ ಮೂಟೆ ಎತ್ತಲು ಬಾಗಿದ ಮನೆಯ ಯಜಮಾನರು ಸೊಂಟ ಹಿಡಿದುಕೊಂಡು ಅಲ್ಲಿಯೇ ಕುಳಿತುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ದಿನಗೂಲಿಯ ಮನೆಯಾದರೆ ಮರುದಿನದ ಒಲೆಯ ಚಿಂತೆಯೂ ಅಲ್ಲಿಂದಲೇ ಆರಂಭ. ಮೂಟೆ ಭಾರವಾಗಿತ್ತು ಎನ್ನುತ್ತೇವೆ. ಆದರೆ ಆ ಮೂಟೆ ಅವರ ಶರೀರದಿಂದ ಎಷ್ಟು ದೂರದಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ.

ಬೆನ್ನೆಲುಬು ಒಂದೇ ಎಲುಬಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಕಶೇರುಗಳು ಒಂದರ ಮೇಲೊಂದು ನಿಂತಿವೆ. ತೀರಾ ಮೇಲಿನ ಎರಡನ್ನು ಬಿಟ್ಟರೆ ಉಳಿದವುಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರು ತುಂಬಿದ ಲೋಳೆಯಂಥ ತಿರುಳು.

ಬಾವಿಯ ಏತವನ್ನು ನೆನಪಿಸಿಕೊಳ್ಳಿ. ಉದ್ದದ ತುದಿಯಲ್ಲಿ ಸಣ್ಣ ಭಾರವಿದ್ದರೂ ಗಿಡ್ಡ ತುದಿಯಲ್ಲಿ ದೊಡ್ಡ ಭಾರ ಬೇಕು. ಬೆನ್ನಿನ ಸ್ನಾಯುಗಳು ಡಿಸ್ಕಿನ ನಡುಭಾಗದಿಂದ ಸುಮಾರು 5 ಸೆಂ.ಮೀ. ಹಿಂದಿವೆ. ನಾವು 40 ಸೆಂ.ಮೀ. ಮುಂದೆ ಹಿಡಿದ 10 ಕಿಲೋ ಭಾರವನ್ನು ಸರಿದೂಗಿಸಲು ಅವು 80 ಕಿಲೋ ಭಾರದಷ್ಟು ಬಲದಿಂದ ಎಳೆಯಬೇಕು. ಆ ಎಳೆತವೂ ಡಿಸ್ಕನ್ನೇ ಅದುಮುತ್ತದೆ. ಬಾಗಿದ ಮೈಯ ತೂಕ ಬೇರೆ!

ಇದು ಬರಿಯ ಲೆಕ್ಕವಲ್ಲ, ಅಳೆದು ನೋಡಿದ್ದಾರೆ. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್‌ಸನ್ ಜೀವಂತ ಮನುಷ್ಯರ ಡಿಸ್ಕಿಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದರು. ನಿಂತಾಗಿನದಕ್ಕಿಂತ ಕುಳಿತಾಗ ಒತ್ತಡ ಹೆಚ್ಚೆಂದು ಅವರಿಗೆ ಕಂಡಿತು. ಜಗತ್ತು ಅದನ್ನೇ ಪಾಠ ಮಾಡಿಕೊಂಡಿತು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನಲ್ಲಿ ಪುಟ್ಟ ಮಾಪಕವನ್ನಿಟ್ಟು ಮಾಡಿದ ಅಳತೆಯನ್ನು ಪ್ರಕಟಿಸಿದರು. ನಿಂತಾಗ 0.5 ಮೆಗಾಪಾಸ್ಕಲ್, ಅಂದರೆ ಕಾರಿನ ಟಯರಿನ ಗಾಳಿಯ ಒತ್ತಡದ ಸುಮಾರು ಎರಡು ಪಟ್ಟು. ಒರಗದೆ ಕುಳಿತಾಗ 0.46. ಹಳೆಯ ಪಾಠವನ್ನು ತಿದ್ದಬೇಕಾಯಿತು. ಅಳತೆ ಒಬ್ಬನದೇ ಎಂಬುದನ್ನೂ ಮರೆಯಬಾರದು.

ನಮಗೆ ಮುಖ್ಯವಾದುದು ಮುಂದಿನ ಅಂಕಿಗಳು. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3, ಮೊಣಕಾಲು ಮಡಚಿ ಎತ್ತಿದಾಗ 1.7, ಅದೇ ಭಾರವನ್ನು ಮೈಗೆ ತಾಗಿಸಿ ಹಿಡಿದಾಗ 1.1. ಭಾರ ಹತ್ತಿರ ಬಂದುದೇ ದೊಡ್ಡ ಲಾಭ. ಮೊಣಕಾಲು ಮಡಚಿರಿ ಎಂಬ ಉಪದೇಶ ಎಲ್ಲೆಲ್ಲೂ ಕೇಳಿಬರುತ್ತದೆ, ಆದರೆ ಅಗಲವಾದ ಮೂಟೆ ಕಾಲುಗಳ ನಡುವೆ ಹಿಡಿಯದಿದ್ದರೆ ಮಡಚಿದ ಮೊಣಕಾಲೇ ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಅಂಥದ್ದನ್ನು ಇಬ್ಬರು ಎತ್ತಬೇಕು, ಇಲ್ಲವೇ ಎರಡಾಗಿ ಹಂಚಬೇಕು. ತುಂಬಿದ ಕೊಡವನ್ನು ಬಾವಿಕಟ್ಟೆಯಿಂದ ಕೈಚಾಚಿ ಸೆಳೆಯುವ ಬದಲು ಮೊದಲು ಅಂಚಿಗೆ ಸರಿಸಿ ಎದೆಗೆ ಒತ್ತಿಕೊಳ್ಳುವ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಇನ್ನೊಂದು ವಿಷಯ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಆ ಸ್ವಯಂಸೇವಕನಲ್ಲಿ ಒಂದೇ ರಾತ್ರಿಯಲ್ಲಿ ಒತ್ತಡ 0.1ರಿಂದ 0.24ಕ್ಕೆ ಏರಿತ್ತು. ಉಬ್ಬಿದ ಡಿಸ್ಕ್ ಬಾಗುವಾಗ ಹೆಚ್ಚು ಬಿಗಿಯುತ್ತದೆ. ಬಹುದಿನದ ಸೊಂಟನೋವಿದ್ದವರು ಮುಂಜಾನೆ ಬಾಗುವುದನ್ನು ತಡೆದಾಗ ನೋವು ಕಡಿಮೆಯಾಯಿತೆಂದು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಎದ್ದೊಡನೆ ಭಾರದ ಕೆಲಸಕ್ಕೆ ಕೈಹಾಕದೆ, ಸ್ವಲ್ಪ ಹೊತ್ತು ಓಡಾಡಿದ ಮೇಲೆ ಮಾಡುವುದು ಒಳ್ಳೆಯದು.

ಇಷ್ಟಾದ ಮೇಲೂ ಸೊಂಟ ಹಿಡಿದರೆ ವಾರಗಟ್ಟಲೆ ಹಾಸಿಗೆ ಹಿಡಿಯಬೇಕೆಂದಿಲ್ಲ. ಸಾಮಾನ್ಯ ನೋವಿಗೆ ಸಾಧ್ಯವಾದಷ್ಟು ನಡೆದಾಡುವುದೇ ಮೇಲೆಂದು ಈಗಿನ ವೈದ್ಯರು ಹೇಳುತ್ತಾರೆ. ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದು ಜೋಮು ಹಿಡಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.