ಸತ್ತ ಪ್ರಾಣಿಗಳ ವಿಲೇವಾರಿ: ಮೃಗಾಲಯದ ನಿಯಮ, ಗ್ರಾಮ ಪಂಚಾಯತಿಯ ಹೊಣೆ

2025ರ ನವೆಂಬರ್ ತಿಂಗಳಿನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ 31 ಕೃಷ್ಣಮೃಗಗಳು ಅಸುನೀಗಿದವು. ಸಾವಿಗೆ ಗಳಲೆ ರೋಗ ಕಾರಣವೆಂದು ಪರೀಕ್ಷೆಗಳಿಂದ ತಿಳಿದುಬಂದಿತು. ಈ ರೋಗವು ದನ, ಎಮ್ಮೆಗಳಿಗೂ ತಗಲುತ್ತದೆ; ರೋಗಪೀಡಿತ ಪ್ರಾಣಿಯ ಜೊಲ್ಲು, ಮೇವು ಹಾಗೂ ನೀರಿನ ಮೂಲಕ ಹರಡುತ್ತದೆ. 1974ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರು ಕೃಷ್ಣಮೃಗ ವನ್ಯಧಾಮದ ಸುತ್ತಲಿನ ಊರುಗಳಲ್ಲಿ ಕೃಷ್ಣಮೃಗಗಳೂ ಜಾನುವಾರುಗಳೂ ಒಂದೇ ನೆಲದಲ್ಲಿ ಮೇಯುತ್ತವೆ. ಆದ್ದರಿಂದ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಸದಸ್ಯರು ಈ ವಿಷಯವನ್ನು ಅರಿತಿರುವುದು ಅವಶ್ಯ.

ಮೃಗಾಲಯದ ಕ್ರಮ

2009ರ ಮೃಗಾಲಯ ಮಾನ್ಯತಾ ನಿಯಮಗಳನ್ವಯ ಮೃಗಾಲಯದಲ್ಲಿ ಸತ್ತ ಪ್ರತಿ ಪ್ರಾಣಿಯ ಮರಣೋತ್ತರ ಪರೀಕ್ಷೆ ನಡೆಯಬೇಕು; ಅದರ ವಿವರ ದಾಖಲಾಗಬೇಕು. ಕೃಷ್ಣಮೃಗದಂತಹ ಸಂರಕ್ಷಿತ ಪ್ರಾಣಿಯ ಕಳೇಬರವನ್ನು ಅಧಿಕೃತ ಅಧಿಕಾರಿಯ ಸಮಕ್ಷಮದಲ್ಲಿ ಇಡಿಯಾಗಿ ಸುಡಬೇಕು ಅಥವಾ ಹೂಳಬೇಕು. ಚರ್ಮ, ಕೊಂಬುಗಳು ಕಳ್ಳ ಮಾರಾಟಕ್ಕೆ ಹೋಗದಂತೆ ತಡೆಯುವುದೂ ಇದರ ಉದ್ದೇಶ. ಸಾವಿನ ಕಾರಣ ತಿಳಿಯದೆ ಕಳೇಬರವನ್ನು ಕಣ್ಮರೆ ಮಾಡಿದರೆ ಉಳಿದ ಪ್ರಾಣಿಗಳನ್ನು ಕಾಪಾಡುವ ಅವಕಾಶವೂ ಕೈತಪ್ಪುತ್ತದೆ.

ಗ್ರಾಮಗಳಲ್ಲಿ ಪಾಲಿಸಬೇಕಾದುದು

1. ಹೊಲದಲ್ಲಿ ಕೃಷ್ಣಮೃಗ ಸತ್ತು ಬಿದ್ದಿದ್ದರೆ ಅದನ್ನು ಮುಟ್ಟದೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು (ಸಹಾಯವಾಣಿ 1926). ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಸರ್ಕಾರದ ಸ್ವತ್ತು. ಕೊಂಬು, ಚರ್ಮ ಇಟ್ಟುಕೊಳ್ಳುವುದು ಅಪರಾಧ.

2. ಜಾನುವಾರು ಹಠಾತ್ತನೆ ಸತ್ತರೆ ಪಶುವೈದ್ಯರಿಗೆ ತಿಳಿಸಬೇಕು (ಸಹಾಯವಾಣಿ 1962). ಮೂಗು, ಬಾಯಿ ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ನೆರಡಿ ರೋಗದ ಶಂಕೆಯಿರುತ್ತದೆ. ಅಂತಹ ಕಳೇಬರವನ್ನು ಕೊಯ್ಯಲೇಬಾರದು, ಚರ್ಮ ಸುಲಿಯಲೂಬಾರದು. ಗಾಳಿ ಸೋಕಿದೊಡನೆ ರೋಗಾಣುಗಳು ಗಟ್ಟಿ ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತವೆ. ಮನುಷ್ಯರಿಗೂ ರೋಗ ತಗಲುತ್ತದೆ.

3. ಕಳೇಬರವನ್ನು ಹಳ್ಳ, ಕಾಲುವೆ, ನದಿಗಳಿಗೆ ಎಸೆಯುವುದನ್ನು ತಡೆಯಬೇಕು. ಬಾವಿ, ಕೆರೆಗಳಿಂದ ದೂರದಲ್ಲಿ ಕನಿಷ್ಠ 6 ಅಡಿ ಆಳದ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿಗಳು ಕೆದರದಂತೆ ಮುಚ್ಚಬೇಕು.

4. ಮಳೆಗಾಲಕ್ಕೆ ಮುನ್ನ ಗಳಲೆ ರೋಗದ ಲಸಿಕೆ ಪ್ರತಿ ಮನೆಯ ದನಕರುಗಳಿಗೂ ತಲುಪಿದೆಯೇ ಎಂದು ಸದಸ್ಯರು ತಮ್ಮ ವಾರ್ಡುಗಳಲ್ಲಿ ವಿಚಾರಿಸಬೇಕು.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

ನಮ್ಮ ಗ್ರಾಮದಲ್ಲಿ ಕಳೇಬರ ಹೂಳಲು ಗುರುತಿಸಿದ ಜಾಗ ಇದೆಯೇ? ಗುಂಡಿ ತೋಡುವ ವೆಚ್ಚವನ್ನು ಯಾರು ಭರಿಸಬೇಕು? ರಾತ್ರಿ ವೇಳೆ ಪ್ರಾಣಿ ಸತ್ತರೆ ಯಾರಿಗೆ ತಿಳಿಸಬೇಕೆಂಬುದು ಪ್ರತಿ ವಾರ್ಡಿನ ಜನರಿಗೆ ಗೊತ್ತಿದೆಯೇ? ಈ ಮೂರಕ್ಕೂ ಉತ್ತರ ನಡವಳಿ ಪುಸ್ತಕದಲ್ಲಿ ದಾಖಲಾಗಲಿ. ರೋಗ ಕಾಣಿಸಿಕೊಂಡ ದಿನ ಜಾಗ ಹುಡುಕತೊಡಗಿದರೆ ತಡವಾಗುತ್ತದೆ.