ಹಸಿರು ಬಳ್ಳಿ ಹಾವು ಕಣ್ಣು ಕುಕ್ಕುವುದೇ?

ಬೇಲಿ ಸವರುವಾಗ ಎಲೆಗಳ ನಡುವಿನಿಂದ ಹಸಿರು ಹಾವೊಂದು ತಲೆ ಚಾಚಿದರೆ ಸಾಕು, ಕೈಯಲ್ಲಿರುವ ಕತ್ತಿ ಅದರ ಮೇಲೆ ಬೀಳುತ್ತದೆ. ಇದು ಮನುಷ್ಯರ ಕಣ್ಣನ್ನೇ ಗುರಿಯಿಟ್ಟು ಕುಕ್ಕುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ. ಶ್ರೀಲಂಕಾದಲ್ಲೂ ಇದೇ ನಂಬಿಕೆಯಿದೆ. ಇದರ ಶಾಸ್ತ್ರೀಯ ಹೆಸರಾದ ‘ಅಹೇಟುಲ್ಲ’ ಎಂಬುದು ಕಣ್ಣು ಕುಕ್ಕುವುದು ಎಂಬರ್ಥದ ಸಿಂಹಳ ಪದದಿಂದ ಬಂದಿದೆ. ಆದರೆ ಈ ನಂಬಿಕೆ ನಿಜವಲ್ಲ.

ಗುರುತು

ಈ ಹಾವು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರ್ ಉದ್ದವಿದ್ದು, ಬಳ್ಳಿಯಂತೆ ಸಪೂರವಾಗಿರುತ್ತದೆ. ಬಣ್ಣ ಎಲೆಹಸಿರು, ಮೂತಿ ಉದ್ದ ಮತ್ತು ಚೂಪು. ಕಣ್ಣಿನ ಪಾಪೆ ಅಡ್ಡ ಸೀಳಿನಂತಿರುತ್ತದೆ. ಕಣ್ಣಿನಿಂದ ಮೂತಿಯವರೆಗೆ ತೋಡಿನಂಥ ತಗ್ಗು ಇರುವುದರಿಂದ, ಎರಡೂ ಕಣ್ಣುಗಳಿಂದ ಬೇಟೆಯನ್ನು ನೋಡಿ ದೂರವನ್ನು ಸರಿಯಾಗಿ ಅಳೆಯಬಲ್ಲದು. ಭಾರತದ ಬಯಲುಸೀಮೆಯ ಹಾವು ಶ್ರೀಲಂಕಾದ್ದಕ್ಕಿಂತ ಬೇರೆ ಜಾತಿ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಶ್ಚಿಮ ಘಟ್ಟಗಳಲ್ಲಿ ಇದರ ಹತ್ತಿರದ ಜಾತಿಗಳಿವೆ.

ಜೀವನ ಕ್ರಮ

ಇದು ಹಗಲಿನಲ್ಲಿ ಬೇಟೆಯಾಡುತ್ತದೆ. ಕೊಂಬೆಯಿಂದ ಮುಂಭಾಗವನ್ನು ಚಾಚಿ, ಗಾಳಿಗೆ ಬಳ್ಳಿ ಅಲುಗಿದಂತೆ ತೂಗಾಡುತ್ತ ಕಾಯುತ್ತದೆ. ಓತಿಕ್ಯಾತ, ಹಲ್ಲಿ, ಕಪ್ಪೆ, ಸಣ್ಣ ಹಕ್ಕಿಗಳು ಇದರ ಆಹಾರ. ವಿಷದ ಹಲ್ಲುಗಳು ಮೇಲ್ದವಡೆಯ ಹಿಂಭಾಗದಲ್ಲಿವೆ. ಹಿಡಿದ ಪ್ರಾಣಿಯನ್ನು ಬಿಡದೆ ಅಗಿದು ವಿಷವೇರಿಸುತ್ತದೆ. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಕೆಣಕಿದರೆ ಬಾಯಿ ಅಗಲಿಸಿ, ಮೈ ಉಬ್ಬಿಸುತ್ತದೆ. ಆಗ ಹುರುಪೆಗಳ ನಡುವಿನ ಕಪ್ಪು ಬಿಳುಪು ಚರ್ಮ ಕಾಣುತ್ತದೆ. ಮುಖದ ಎತ್ತರದ ಕೊಂಬೆಯಲ್ಲಿದ್ದು ಹೀಗೆ ಹೆದರಿಸುವುದೇ ಕಣ್ಣು ಕುಕ್ಕುವ ಕಥೆಗೆ ಮೂಲವಾಗಿರಬಹುದು.

ರೈತರು ಗಮನಿಸಬೇಕಾದುದು

ಕೇರೆಹಾವಿನಂತೆ ಇದು ಇಲಿಗಳನ್ನು ಹೆಚ್ಚಾಗಿ ಹಿಡಿಯುವುದಿಲ್ಲ. ಹಾಗೆಂದು ಬೆಳೆಗೆ ಹಾನಿಯನ್ನೂ ಮಾಡುವುದಿಲ್ಲ. ಇದರ ಕಡಿತದಿಂದ ಕಚ್ಚಿದ ಜಾಗದಲ್ಲಿ ನೋವು, ಊತ ಬರಬಹುದು, ಪ್ರಾಣಾಪಾಯವಿಲ್ಲ.

ಆದರೆ ಮಲೆನಾಡಿನ ಬಿದಿರು ಮೆಳೆ, ಕಾಫಿ ಮತ್ತು ಏಲಕ್ಕಿ ತೋಟಗಳಲ್ಲಿರುವ ಹಸಿರು ಮಂಡಲದ ಹಾವನ್ನು ಇದೆಂದು ತಪ್ಪು ತಿಳಿಯಬಾರದು. ಅದರ ಮೈ ದಪ್ಪ, ತಲೆ ತ್ರಿಕೋನಾಕಾರ, ಕುತ್ತಿಗೆ ಸಪೂರ, ಕಣ್ಣಿನ ಪಾಪೆ ನೆಟ್ಟಗಿನ ಸೀಳು. ಅದು ಇರುಳಿನಲ್ಲಿ ಚುರುಕು, ಹಗಲು ಅಲುಗದೆ ಮಲಗಿರುತ್ತದೆ. ಅದರ ಕಡಿತ ಅಪಾಯಕಾರಿ. ಯಾವ ಹಸಿರು ಹಾವು ಕಚ್ಚಿದರೂ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬೇಲಿ ಸವರುವ ಮೊದಲು ಉದ್ದ ಕೋಲಿನಿಂದ ಪೊದೆಯನ್ನು ಅಲುಗಿಸಿರಿ. ಬಳ್ಳಿ ಹಾವು ತಾನಾಗಿಯೇ ಸರಿದು ಹೋಗುತ್ತದೆ, ಕತ್ತಿಗೆ ಕೆಲಸವಿಲ್ಲ.